ತಪ್ಪು ಪರದೆಯದ್ದು

ಚಿದಾನಂದನಿಗೆ ಕೆಂಪು ಬೇರೆ, ಹಸಿರು ಬೇರೆ ಎಂದು ಕಾಣುವುದಿಲ್ಲ ಎಂಬ ಸಂಗತಿ ಅವನ ಹೆಂಡತಿ ಸ್ವರ್ಣಲತಾಳಿಗೆ ತಿಳಿದದ್ದು ಮದುವೆಯಾಗಿ ಹನ್ನೊಂದು ವರ್ಷದ ಮೇಲೆ. ಅದೂ ಅವನಾಗಿ ಹೇಳಿದ್ದಲ್ಲ. ಹಿತ್ತಿಲಿನಿಂದ ಹಣ್ಣಾದ ಮೆಣಸು ಮಾತ್ರ ಕೊಯ್ದು ತರಲು ಹೇಳಿದರೆ ಅವನು ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ಎರಡು ದಿನ ನೋಡಿದಳು, ಮೂರನೆಯ ದಿನ ಕೇಳಿಯೇ ಬಿಟ್ಟಳು. ಅವನು ಹೌದೆಂದ. ಯಾರಿಗೂ ಹೇಳಬೇಡ ಎಂದೂ ಸೇರಿಸಿದ. ಅವಳು ಹೇಳಲಿಲ್ಲ.

ಅದು ಅವನಿಗೆ ತಾಯಿಯ ಕಡೆಯಿಂದ ಬಂದದ್ದು. ತಾಯಿಯ ಅಣ್ಣ ತ್ಯಾಂಪಣ್ಣನಿಗೂ ಹಾಗೆಯೇ ಇತ್ತು. ಅಳಿಯಕಟ್ಟಿನ ಮನೆತನ. ಸೋದರಮಾವನ ಗದ್ದೆ ಅಳಿಯನಿಗೆ ಬರುವ ಕಾಲ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಈ ಒಂದು ಆಸ್ತಿಗೆ ಮಾತ್ರ ಯಾವ ಕಾಯಿದೆಯೂ ಅಡ್ಡ ಬಂದಿರಲಿಲ್ಲ. ಚಿಕ್ಕಂದಿನಲ್ಲಿ ಗೇರುಗುಡ್ಡೆಗೆ ಹೋದಾಗ ಜೊತೆಯವರು ಎಲೆಗಳ ನಡುವೆ ಕೆಂಪು ಹಣ್ಣು ಕಂಡು ಓಡುತ್ತಿದ್ದರು. ಚಿದಾನಂದ ಮೂಗಿನಿಂದ ಹುಡುಕುತ್ತಿದ್ದ. ಕಣ್ಣು ಕೈಕೊಟ್ಟಲ್ಲೆಲ್ಲ ಮೂಗನ್ನೇ ದುಡಿಸಿ ದುಡಿಸಿ ಅದು ಚುರುಕಾಯಿತು.

ಇಪ್ಪತ್ತಮೂರರ ಪ್ರಾಯದಲ್ಲಿ ಸರ್ಕಾರಿ ಬಸ್ಸಿನ ಚಾಲಕನ ಕೆಲಸಕ್ಕೆ ಅರ್ಜಿ ಹಾಕಿದ. ಬಸ್ಸು ಓಡಿಸಿ ತೋರಿಸಿದ, ಅದರಲ್ಲಿ ಪಾಸಾದ. ಕೊನೆಗೆ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕವೊಂದನ್ನು ತೆರೆದು ಒಳಗೆ ಯಾವ ಅಂಕೆ ಇದೆಯೆಂದು ಕೇಳಿದರು. ಅವನಿಗೆ ಚುಕ್ಕಿಗಳು ಕಂಡವು, ಅಂಕೆ ಕಾಣಲಿಲ್ಲ. ಮನೆಗೆ ಬಂದು ಎತ್ತರ ಸಾಲಲಿಲ್ಲವಂತೆ ಎಂದ. ಐದಡಿ ಹತ್ತಿಂಚಿನ ಮಗ ಆಡಿದ ಆ ಮಾತನ್ನು ತಾಯಿ ಹೇಗೆ ನಂಬಿದಳೋ, ಮತ್ತೆ ವಿಚಾರಿಸಲಿಲ್ಲ.

ಆಮೇಲೆ ಸಿಕ್ಕಿದ್ದು ವೇಣೂರಿನಿಂದ ಅಳದಂಗಡಿಯ ಕಡೆಗೆ ಹೋಗುವ ದಾರಿಯಲ್ಲಿ, ನೀರಪಲ್ಕೆಯ ಹಾಲಿನ ಸೊಸೈಟಿಯಲ್ಲಿ ಪರೀಕ್ಷಕನ ಕೆಲಸ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು. ಜನ ಪಾತ್ರೆ ಹಿಡಿದು ಸಾಲಿನಲ್ಲಿ ಬರುತ್ತಾರೆ. ಮುಚ್ಚಳ ತೆಗೆದು ಮೂಗಿಗೆ ಹಿಡಿಯಬೇಕು, ಒಂದು ಸೌಟು ಯಂತ್ರಕ್ಕೆ ಕೊಡಬೇಕು, ಜಿಡ್ಡು ಎಷ್ಟು, ನೀರು ಸೇರಿದೆಯೋ ಇಲ್ಲವೋ ಎಂದು ಯಂತ್ರದ ಕಿಂಡಿಯಲ್ಲಿ ಬರುವ ಅಂಕೆ ಓದಬೇಕು. ಮೂಗೂ ಅಂಕೆಯೂ ಅವನಿಗೆ ಒಲಿದ ವಿದ್ಯೆಗಳು. ಹುಲ್ಲು ಬದಲಾದರೆ, ಪಾತ್ರೆ ಸರಿಯಾಗಿ ತೊಳೆಯದಿದ್ದರೆ ಮುಚ್ಚಳ ತೆಗೆದ ಕೂಡಲೇ ಹೇಳುತ್ತಿದ್ದ. ಇಪ್ಪತ್ತೊಂದು ವರ್ಷದಲ್ಲಿ ಅವನು ಒಳ್ಳೆಯದೆಂದ ಹಾಲು, ಊರೂರಿನ ಹಾಲು ಹೋಗಿ ಸೇರುವ ಶೀತಲ ಕೇಂದ್ರದಿಂದ ಒಮ್ಮೆಯೂ ಹಿಂದೆ ಬಂದಿರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಸೊಸೈಟಿಗೆ ಟ್ಯಾಬ್ಲೆಟ್ ಬಂತು. ಮೂಡುಬಿದಿರೆಯ ಸಣ್ಣ ಕಂಪನಿಯೊಂದು ಮಾಡಿದ ಸಾಫ್ಟ್‌ವೇರು. ಯಂತ್ರ ನೋಡಿದ್ದನ್ನು ನೇರವಾಗಿ ಟ್ಯಾಬ್ಲೆಟ್ಟಿಗೆ ಕಳಿಸುತ್ತದೆ. ಅಂಕೆಗಳ ಗೊಡವೆಯೇ ಬೇಡ. ಪರದೆಯ ನಡುವೆ ದೊಡ್ಡದೊಂದು ಬಣ್ಣದ ವೃತ್ತ ಬರುತ್ತದೆ. ಹಸಿರಾದರೆ ಹಾಲು ತೆಗೆದುಕೊಳ್ಳುವುದು, ಕೆಂಪಾದರೆ ಹಿಂದೆ ಕಳಿಸುವುದು. ಅಕ್ಷರ ಬಾರದವನಿಗೂ ತಿಳಿಯುತ್ತದೆ ಎಂದು ಕಂಪನಿಯವರು ಹೇಳಿದರು. ಎರಡೆರಡು ಕಡೆ ನೋಡಿ ಗೊಂದಲವಾಗಬಾರದೆಂದು ಯಂತ್ರದ ಹಳೆಯ ಕಿಂಡಿಯ ಮೇಲೆ ಸ್ಟಿಕ್ಕರು ಅಂಟಿಸಿ ಹೋದರು.

ಚಿದಾನಂದ ವೃತ್ತವನ್ನು ನೋಡಿದ. ಕೆಸರಿನ ಬಣ್ಣದ ವೃತ್ತ. ಮುಂದಿನವರ ಹಾಲಿಗೂ ಕೆಸರಿನ ಬಣ್ಣದ ವೃತ್ತವೇ ಬಂತು.

ಅಂದೇ ಬಾಯಿ ಬಿಡಬಹುದಿತ್ತು. ಆದರೆ ಚುಕ್ಕಿಗಳ ಪುಸ್ತಕದ ದಿನದಿಂದ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಸಾಲಿನಲ್ಲಿ ನಿಂತ ನಲವತ್ತು ಜನರ ಎದುರು ಬಿಚ್ಚಲು ನಾಲಿಗೆ ಏಳಲಿಲ್ಲ. ಮೂಗನ್ನು ನೆಚ್ಚಿ ದಿನ ತಳ್ಳಿದ. ಹುಳಿಯಾದದ್ದು ಮೂಗಿಗೆ ಸಿಗುತ್ತದೆ, ನೀರು ಬೆರೆಸಿದ್ದು ಸಿಗುವುದಿಲ್ಲ. ಮೂರನೆಯ ವಾರ ಶೀತಲ ಕೇಂದ್ರದಿಂದ ಕಾಗದ ಬಂತು: ನಿಮ್ಮ ಹಾಲು ತೆಳ್ಳಗಾಗಿದೆ. ಅಲ್ಲಿಂದ ಮೇಲೆ ಅವನ ಧೈರ್ಯ ಕುಸಿಯಿತು. ವೃತ್ತ ಸ್ವಲ್ಪ ಮಂಕಾಗಿ ಕಂಡರೂ ಕೆಂಪಿರಬೇಕೆಂದು ಹಾಲು ಹಿಂದೆ ಕಳಿಸತೊಡಗಿದ. ಹಾಗೆ ಮೂರು ದಿನ ಹಿಂದೆ ಹೋದದ್ದು ಬೀಯಮ್ಮನ ಹಾಲು. ಒಂದೇ ದನ ಸಾಕಿಕೊಂಡಿದ್ದ ಮುದುಕಿ. ಅವಳ ಪಾತ್ರೆಯಿಂದ ಬರುತ್ತಿದ್ದ ವಾಸನೆಯಲ್ಲಿ ಯಾವ ದೋಷವೂ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಮೂರನೆಯ ದಿನ ಅವಳು ಪಾತ್ರೆ ಎತ್ತಿಕೊಂಡು ಏರುದಾರಿ ಹತ್ತಿ ಮರೆಯಾಗುವವರೆಗೆ ಅವನು ನೋಡುತ್ತ ನಿಂತ.

ಅವನು ಯೋಚಿಸದ ಒಂದು ಸಂಗತಿಯಿತ್ತು. ಟ್ಯಾಬ್ಲೆಟ್ಟು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿತ್ತು. ಕೆಂಪು ಬಂದರೂ ಪರೀಕ್ಷಕ ತೆಗೆದುಕೊಂಡದ್ದು ಹದಿಮೂರು ಸಲ, ಹಸಿರು ಬಂದರೂ ಹಿಂದೆ ಕಳಿಸಿದ್ದು ನಾಲ್ಕು ಸಲ. ಆ ಪಟ್ಟಿ ಅಧ್ಯಕ್ಷ ಶೀನಪ್ಪನ ಕೈಗೆ ಬಂದ ದಿನವೇ ಊರಿನ ಬಾಯಿಗೂ ಬಂತು. ನೀರು ಹಾಕುವವರ ಜೊತೆ ಚಿದಾನಂದನ ಒಳಒಪ್ಪಂದ ಉಂಟಂತೆ, ಬಡವಿಯ ಹಾಲಿಗೆ ಮಾತ್ರ ಕಾನೂನಂತೆ.

ಶೀನಪ್ಪ ಕೆಟ್ಟವನಲ್ಲ. ಕಚೇರಿಗೆ ಕರೆದು ಕೂರಿಸಿ, ತಾನು ಸಂಶಯಪಡುವವನಲ್ಲವೆಂದು ಹೇಳಿ, ಏನಾಯಿತೆಂದು ಕೇಳಿದ. ಚಿದಾನಂದ ಹೇಳಿದ. ಹೆಂಡತಿಯನ್ನು ಬಿಟ್ಟರೆ ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಶೀನಪ್ಪ, ಹಾಗಾದರೆ ದಾರಿ ಸುಲಭವಾಯಿತು ಎಂದ. ಕಣ್ಣು ಸರಿಯಿಲ್ಲವೆಂದು ಒಂದು ಕಾಗದ ಬರೆದುಕೊಟ್ಟರೆ ಮಾನವೂ ಉಳಿಯುತ್ತದೆ, ಪಶು ಆಹಾರದ ಗೋದಾಮಿನಲ್ಲಿ ಕೆಲಸವೂ ಸಿಗುತ್ತದೆ. ಇಲ್ಲವಾದರೆ ಮುಂದಿನ ತಿಂಗಳ ಮಹಾಸಭೆಯಲ್ಲಿ ಹದಿನೇಳು ಸಲದ್ದಕ್ಕೂ ಅವನೇ ಉತ್ತರ ಕೊಡಬೇಕು.

ತಲೆ ತಗ್ಗಿಸಿ ಕೂತಿದ್ದ ಚಿದಾನಂದ ತಲೆಯೆತ್ತಿದ. ತನಗೇ ಗೊತ್ತಿಲ್ಲದೆ ಎಲ್ಲಿಂದಲೋ ಸಿಟ್ಟು ಬಂತು.

"ಕಾಗದ ಬರೆಯುವುದಿಲ್ಲ ಶೀನಪ್ಪಣ್ಣ. ಹುಟ್ಟಿದಂದಿನಿಂದ ಇರುವುದು ಇದೇ ಕಣ್ಣು. ಇಪ್ಪತ್ತೊಂದು ವರ್ಷ ಇದೇ ಕಣ್ಣಿನಲ್ಲಿ ಹಾಲು ನೋಡಿದ್ದೇನೆ. ಈಗ ಬದಲಾದದ್ದು ಕಣ್ಣಲ್ಲ, ಪರದೆ. ಸಭೆಯಲ್ಲಿ ಉತ್ತರ ಕೊಡ್ತೇನೆ."

ಮರುದಿನ ಹಾಲು ಮುಗಿದ ಮೇಲೆ ಬಸ್ಸು ಹತ್ತಿ ಮೂಡುಬಿದಿರೆಗೆ ಹೋದ. ಕಂಪನಿಯೆಂದರೆ ಚಪ್ಪಲಿ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಪರದೆ ಯಾರು ಮಾಡಿದ್ದೆಂದು ಕೇಳಿದಾಗ ಮೂಲೆಯ ಮೇಜಿನಿಂದ ಎದ್ದವಳು ಶಿಫಾನಾ, ಬಂಟ್ವಾಳದಿಂದ ದಿನವೂ ಬಂದು ಹೋಗುವ ಇಪ್ಪತ್ತಾರರ ಹುಡುಗಿ. ಯಾವ ಬಟನ್ ಎಲ್ಲಿರಬೇಕು, ಯಾವ ಬಣ್ಣ ಏನು ಹೇಳಬೇಕು ಎಂದು ಚಿತ್ರ ಬಿಡಿಸುವುದು ಅವಳ ಕೆಲಸ. ಅವಳು ಮೊದಲು ಒಪ್ಪಲಿಲ್ಲ. ಇದಕ್ಕಿಂತ ಸರಳವಾಗಿ ಮಾಡಲು ಸಾಧ್ಯವಿಲ್ಲ, ರಸ್ತೆಯ ಸಿಗ್ನಲ್ಲಿನ ಹಾಗೆ ಉಂಟಲ್ಲ ಎಂದಳು.

"ಸಿಗ್ನಲ್ಲಿನ ಹಾಗೆ ಇಲ್ಲ ಮೇಡಂ," ಎಂದ ಚಿದಾನಂದ. "ಅದರಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ. ನಾನು ಬೈಕು ನಿಲ್ಲಿಸುವುದು ಯಾವ ದೀಪ ಉರಿಯುತ್ತದೆ ಎಂದು ನೋಡಿ. ನಿಮ್ಮದರಲ್ಲಿ ಎರಡೂ ಒಂದೇ ಜಾಗದಲ್ಲಿ ಬರ್ತದೆ. ನಾನು ಎಂತ ನೋಡಬೇಕು?"

ಶಿಫಾನಾ ಮೇಜಿಗೆ ಮರಳಿದಳು. ಕಂಪ್ಯೂಟರಿನ ಪರದೆಯನ್ನು ಕಪ್ಪು ಬಿಳುಪಿಗೆ ತಿರುಗಿಸಿ ತಾನು ಬಿಡಿಸಿದ ಎರಡು ವೃತ್ತಗಳನ್ನು ಅಕ್ಕಪಕ್ಕ ಇಟ್ಟಳು. ಎರಡು ಬೂದು ವೃತ್ತಗಳು. ಯಾವುದು ಯಾವುದೆಂದು ಮಾಡಿದವಳಿಗೇ ತಿಳಿಯಲಿಲ್ಲ. ನೂರು ಗಂಡಸರಲ್ಲಿ ನಾಲ್ಕೈದು ಮಂದಿಗಾದರೂ ಹೀಗಿರುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದೂ ಇದ್ದೇನೆ ಎಂದು ಅವಳು ಮೆಲ್ಲಗೆ ಹೇಳಿದಳು. ಆಮೇಲೆ ಒಳಕೋಣೆಗೆ ಹೋಗಿ ಯಜಮಾನರ ಜೊತೆ ಮಾತಾಡಿ ಮುಖ ಸಣ್ಣದು ಮಾಡಿಕೊಂಡು ಬಂದಳು. ಅರುವತ್ತು ಸೊಸೈಟಿಗಳಿಗೆ ಕೊಟ್ಟಾಗಿದೆ, ಒಬ್ಬರಿಗಾಗಿ ಬದಲಾಯಿಸಲಿಕ್ಕೆ ಆಗುವುದಿಲ್ಲವಂತೆ. ಮುಂದಿನ ವರ್ಷ ನೋಡುವ ಎಂದರಂತೆ.

ಚಿದಾನಂದ ಮಹಾಸಭೆಯ ದಿನಾಂಕ ಹೇಳಿದ. ಬಂದರೆ ಒಳ್ಳೆಯದು, ಬಾರದಿದ್ದರೆ ಆ ಕಪ್ಪು ಬಿಳುಪಿನ ವಿದ್ಯೆ ಹೇಳಿಕೊಡಿ, ನಾನೊಬ್ಬನೇ ನೋಡಿಕೊಳ್ತೇನೆ ಎಂದ. ಅವಳು ಹೇಳಿಕೊಟ್ಟಳು.

ಸಭೆಗೆ ಮೊದಲೇ ಅವನು ಇನ್ನೊಂದು ಕೆಲಸ ಮಾಡಿದ. ಮೂಡುಬಿದಿರೆಯಿಂದ ಬಂದ ಮರುದಿನ ಬೆಳಿಗ್ಗೆ, ಸಾಲಿನಲ್ಲಿದ್ದ ಎಲ್ಲರೂ ನೋಡುತ್ತಿದ್ದ ಹಾಗೆ, ಯಂತ್ರದ ಕಿಂಡಿಯ ಸ್ಟಿಕ್ಕರನ್ನು ಉಗುರಿನಿಂದ ಕಿತ್ತು ಬಿಸಾಡಿದ. ಹಳೆಯ ಅಂಕೆಗಳು ಮಿನುಗಿದವು. ಕಂಪನಿಯ ಸೊತ್ತಿಗೆ ಕೈ ಹಾಕಿದ್ದಕ್ಕೆ ಶೀನಪ್ಪ ನೋಟಿಸು ಕೊಟ್ಟ. ಚಿದಾನಂದ ಅದರ ಹಿಂಬದಿಯಲ್ಲಿ ಆ ದಿನದ ನಲವತ್ತು ಮಂದಿಯ ಹಾಲಿನ ಅಂಕೆ ಬರೆದು, ಕೆಳಗೆ ಸಹಿ ಹಾಕಿ ಹಿಂದೆ ಕೊಟ್ಟ. ಆ ತಿಂಗಳು ಶೀತಲ ಕೇಂದ್ರದಿಂದ ದೂರು ಬರಲಿಲ್ಲ.

ಮಹಾಸಭೆ ಸೊಸೈಟಿಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ. ಶಿಫಾನಾ ರಜೆ ಹಾಕಿ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ಪಟ್ಟಿ ಓದಿ ಆದ ಮೇಲೆ ಶೀನಪ್ಪ ಉತ್ತರ ಕೇಳಿದ. ಚಿದಾನಂದ ಟ್ಯಾಬ್ಲೆಟ್ಟನ್ನು ಕಪ್ಪು ಬಿಳುಪು ಮಾಡಿ ಅಧ್ಯಕ್ಷನ ಕೈಯಲ್ಲಿಟ್ಟ. ಸಹಾಯಕಿ ಹಫ್ಸ ಒಳಗೆ ಐದು ಪಾತ್ರೆಯ ಹಾಲನ್ನು ಒಂದೊಂದಾಗಿ ಯಂತ್ರಕ್ಕೆ ಕೊಟ್ಟಳು. ಎರಡಕ್ಕೆ ಅವನೇ ನೀರು ಬೆರೆಸಿಟ್ಟಿದ್ದ.

"ತೆಗೆದುಕೊಳ್ಳುವುದೋ ಬಿಡುವುದೋ ಹೇಳಿ ಅಧ್ಯಕ್ಷರೇ."

ಶೀನಪ್ಪ ಕನ್ನಡಕ ತೆಗೆದ, ಹಾಕಿದ, ಟ್ಯಾಬ್ಲೆಟ್ಟನ್ನು ಬಿಸಿಲಿಗೆ ಹಿಡಿದ. ಐದರಲ್ಲಿ ಮೂರು ತಪ್ಪಿದ. ಯಾರೋ ನಕ್ಕರು. ಚಿದಾನಂದ ನಗಲಿಲ್ಲ.

"ಈಗ ಅಧ್ಯಕ್ಷರ ಕಣ್ಣು ಕೆಟ್ಟಿತಾ? ನೀರು ಹಾಕುವವರ ಜೊತೆ ಅವರದ್ದೂ ಒಪ್ಪಂದ ಉಂಟಾ?" ಎಂದು ಸಭೆಯನ್ನು ಕೇಳಿದ. ಆಮೇಲೆ ತನ್ನ ಕಣ್ಣಿನ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ, ಬಸ್ಸಿನ ಕೆಲಸ ತಪ್ಪಿದ್ದನ್ನೂ ಬಿಡದೆ, ನಿಂತುಕೊಂಡೇ ಹೇಳಿದ. ನಾಚಿಕೆಯಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಹೇಳುತ್ತ ಹೋದ ಹಾಗೆ ಧ್ವನಿ ದೊಡ್ಡದಾಯಿತು.

ಮಧ್ಯದ ಸಾಲಿನಿಂದ ಮಹಮ್ಮದ್ ಕುಂಞಿ ಎದ್ದರು. ಎಪ್ಪತ್ತು ದಾಟಿದ ವ್ಯಾಪಾರಿ, ಸಭೆಗಳಲ್ಲಿ ಬಾಯಿ ತೆರೆಯದವರು. ತನಗೂ ಹೀಗೆಯೇ ಎಂದು ಅವರು ತುಳುವಿನಲ್ಲಿ ಹೇಳಿದರು. ಗಲ್ಫಿನಲ್ಲಿ ಹನ್ನೆರಡು ವರ್ಷ ಗೋದಾಮಿನ ಕೆಲಸ ಮಾಡುವಾಗ ಡಬ್ಬಗಳ ಬಣ್ಣ ತಿಳಿಯದೆ ಎಷ್ಟು ಬೈಗುಳ ತಿಂದಿದ್ದೇನೆ ಎಂದರೆ, ನಾನು ದಡ್ಡನೆಂದೇ ಇವತ್ತಿನವರೆಗೆ ನಂಬಿದ್ದೆ ಎಂದರು.

ಹೆಂಗಸರ ಸಾಲಿನಲ್ಲಿದ್ದ ಬೀಯಮ್ಮನ ಎದುರು ಹೋಗಿ ಚಿದಾನಂದ ಕೈಮುಗಿದ. ಅವಳು ಸುಲಭದಲ್ಲಿ ಬಿಡಲಿಲ್ಲ.

"ಪರದೆಗೆ ಬುದ್ಧಿಯಿಲ್ಲ, ಒಪ್ಪಿದೆ. ನಿನಗೆ ಮೂಗು ಇತ್ತಲ್ಲ ಚಿದಾನಂದ? ನನ್ನ ಹಾಲು ಮೂಸಿದ ಮೇಲೂ ಹೆದರಿದ್ದು ನೀನು."

ಹೌದು ಬೀಯಮ್ಮ ಎಂದಷ್ಟೇ ಹೇಳಿದ.

ಸಭೆಯ ಸುದ್ದಿ ಅಕ್ಕಪಕ್ಕದ ಸೊಸೈಟಿಗಳಿಗೆ ಹೋಗಿ, ಇನ್ನೂ ಮೂವರು ಪರೀಕ್ಷಕರು ತಮ್ಮದೂ ಅದೇ ಕತೆಯೆಂದು ಫೋನು ಮಾಡಿದ ಮೇಲೆ ಕಂಪನಿಯ ಯಜಮಾನರಿಗೆ ಮುಂದಿನ ವರ್ಷದವರೆಗೆ ಕಾಯಲು ಧೈರ್ಯ ಸಾಲಲಿಲ್ಲ. ಶಿಫಾನಾ ಹೊಸ ಪರದೆ ತಂದಳು. ವೃತ್ತದ ಒಳಗೆ ಸರಿ ಗುರುತು, ಚೌಕದ ಒಳಗೆ ಅಡ್ಡ ಗುರುತು, ಜೊತೆಗೆ ಬೇರೆ ಬೇರೆ ಸದ್ದು. ಚಿದಾನಂದ ನೋಡಿ, ಇದು ತನಗೆ ಸಾಕು, ಊರಿಗೆ ಸಾಲದು ಎಂದ. ಅಂಕೆಗಳು ಹಿಂದೆ ಬರಬೇಕು. ಅಕ್ಷರ ಬೀಯಮ್ಮನ ಪೊರೆ ಬಂದ ಕಣ್ಣಿಗೂ ಓದುವಷ್ಟು ದೊಡ್ಡದಾಗಬೇಕು. ಹಾಲು ತಂದವರಿಗೂ ಕಾಣುವ ಹಾಗೆ ಇನ್ನೊಂದು ಪರದೆ ಹೊರಮುಖವಾಗಿ ಇರಬೇಕು. ಶಿಫಾನಾ ನಾಲ್ಕು ಸಲ ಬಂದು ಹೋದಳು. ಪ್ರತಿ ಸಲವೂ ಸಾಲಿನಲ್ಲಿದ್ದವರ ಕೈಗೇ ಕೊಟ್ಟು, ಅವರು ತಪ್ಪಿದಲ್ಲೆಲ್ಲ ಪುಸ್ತಕದಲ್ಲಿ ಬರೆದುಕೊಂಡಳು. ಕೊನೆಯ ಸಲ ಯಾರೂ ತಪ್ಪಲಿಲ್ಲ.

ಸೊಸೈಟಿಯ ವಾರ್ಷಿಕೋತ್ಸವಕ್ಕೆ ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದೆಂದು ಸಮಿತಿ ತೀರ್ಮಾನಿಸಿತು. ಕಾಗದದಲ್ಲಿ ನ್ಯೂನತೆಯನ್ನು ಮೆಟ್ಟಿ ನಿಂತವರು ಎಂದಿತ್ತು. ಚಿದಾನಂದ ಬೇಡವೆಂದ. ಮೆಟ್ಟಿ ನಿಲ್ಲುವಂಥದ್ದು ತನ್ನ ಕಣ್ಣಿನಲ್ಲಿ ಏನೂ ಇರಲಿಲ್ಲ. ಶಾಲಿನ ಬದಲು ನಿರ್ಣಯ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ ಎಂದು ಪಟ್ಟು ಹಿಡಿದ. ಎರಡು ಸಭೆ ಮುಂದೂಡಿ, ಮೂರನೆಯದರಲ್ಲಿ ಶೀನಪ್ಪನೇ ಪೆನ್ನು ಹಿಡಿದು ಬರೆದ: ಹದಿನೇಳು ಸಲ ಆದ ತಪ್ಪು ಪರದೆಯದ್ದು, ಪರೀಕ್ಷಕರದ್ದಲ್ಲ.

"ಒಳ್ಳೆಯ ಹಾಲು ಹಿಂದೆ ಕಳಿಸಿದ ನಾಲ್ಕು ಸಲದ್ದು ನನ್ನದೂ ಉಂಟು, ಅದನ್ನೂ ಬರೆಯಿರಿ," ಎಂದ ಚಿದಾನಂದ. ಶೀನಪ್ಪ ಅವನ ಮುಖ ನೋಡಿ, ಅದನ್ನೂ ಬರೆದ.

ಈಚೆಗೆ ಸೊಸೈಟಿಗೆ ಇನ್ನೊಬ್ಬ ಪರೀಕ್ಷಕ ಬೇಕಾಗಿ ಪ್ರಕಟಣೆ ಸಿದ್ಧವಾಯಿತು. ಬೇರೆಲ್ಲಿಯದನ್ನೋ ನೋಡಿ ಬರೆದದ್ದು. ಅರ್ಹತೆಗಳ ಕೆಳಗೆ ಆರನೆಯದಾಗಿ, ಬಣ್ಣ ಗುರುತಿಸುವ ದೃಷ್ಟಿ ಇರಬೇಕು ಎಂದಿತ್ತು. ಬೋರ್ಡಿಗೆ ಅಂಟಿಸುವ ಮುಂಚೆ ಚಿದಾನಂದ ಅದನ್ನು ಕೈಗೆ ತೆಗೆದುಕೊಂಡ. ಯಾರನ್ನೂ ಕೇಳಲಿಲ್ಲ. ಆರನೆಯ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು, ಪಕ್ಕದಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿ, ನಾಲ್ಕು ಮೂಲೆಗೂ ಗೋಂದು ಹಚ್ಚಿ ಅವನೇ ಅಂಟಿಸಿದ.