ಹೆಂಗಸರಿಗೂ ಅರ್ಥವಾಗುವಷ್ಟು ಸುಲಭ

ಸಂಜೆ ಆರು ಗಂಟೆ. ಕುಮಟೆಯಲ್ಲಿ ಪಂಪ್ ರಿಪೇರಿ ತರಬೇತಿ ಮುಗಿಸಿ ಈಗಷ್ಟೇ ಹಳದೀಪುರಕ್ಕೆ ಬಂದೆ, ಸ್ನೇಹಿತರೇ. ಯಜಮಾನರು ತೀರಿಕೊಂಡ ಮೇಲೆ ಮುಚ್ಚಿರುವ ಅವರ ರಿಪೇರಿ ಅಂಗಡಿಯನ್ನು ಇನ್ನು ನಾನೇ ತೆರೆಯಬೇಕು. ಅದಕ್ಕೇ ಸೇರಿದ್ದು.

ಇವತ್ತು ಕೊಟ್ಟ ಪಾಠದ ಪುಸ್ತಕದ ಮೇಲೆ ‘ಹೆಂಗಸರಿಗೂ ಅರ್ಥವಾಗುವಷ್ಟು ಸುಲಭ’ ಎಂದಿತ್ತು. ಮೋಟಾರಿಗೆ ತಂತಿ ಸುತ್ತುವ ಪಾಠ ನನಗೆ ಅರ್ಥವಾಗಲಿಲ್ಲ. ಕೇಳಲು ನಾಚಿಕೆಯಾಗಿ ಸುಮ್ಮನೆ ಕುಳಿತೆ. ಪಕ್ಕದಲ್ಲಿದ್ದ ತೆಂಗಿನ ತೋಟದ ಗಣಪಣ್ಣ ಮೆಲ್ಲಗೆ, “ತಂಗಿ, ನಿಂಗೆ ತಿಳೀತಾ? ನಂಗೆ ಎಂತದೂ ತಿಳೀಲಿಲ್ಲ. ಈ ಮೇಲಿನ ಸಾಲು ಓದಿದ ಮೇಲೆ ಗಂಡಸಾಗಿ ಹ್ಯಾಂಗೆ ಕೇಳೂದು?” ಎಂದರು.

ಆಗ ಕೈ ಎತ್ತಿದೆ. “ಸರ್, ಇದು ಓದಿ ತಿಳೀದೇ ಇದ್ದವ್ರು ಯಾವ ಪುಸ್ತಕ ಓದ್ಬೇಕು?”

ಮಾಸ್ತರರು ತಬ್ಬಿಬ್ಬಾದರು. “ನಿಮಗೆ ಧೈರ್ಯ ಬರ್ಲಿ ಅಂತ ಬರೆದದ್ದು ಅಕ್ಕ. ಮತ್ತೆ ಎಂತ ಬರೀಲಿ?”

“ಪಂಪು ಕೆಟ್ಟು ಕೂತವ್ರಿಗೆ ಅಂತ ಬರೀರಿ ಮಾರಾಯ್ರೆ” ಎಂದರು ಗಣಪಣ್ಣ.

ನಗು ನಿಂತ ಮೇಲೆ ಅರ್ಧ ಕ್ಲಾಸು ತಮಗೂ ತಿಳಿಯಲಿಲ್ಲ ಎಂದಿತು. ಧೈರ್ಯ ಕೊಡಲು ಬರೆದ ಮಾತು ಇಷ್ಟು ಜನರ ಬಾಯಿ ಮುಚ್ಚಿಸಿದ್ದು ಹೇಗೆಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ.

ನಾಳೆ ಹತ್ತು ಗಂಟೆಗೆ ತಂತಿ ಸುತ್ತುವ ಪಾಠ ಮೊದಲಿನಿಂದ ಶುರು.