ಎಲ್ಲ ಪಂಚನಾಮೆಗೂ ಒಬ್ಬರೇ ಪಂಚ

ಬಾಲಗಾಂವದಲ್ಲಿ ಬಣವಿ ಸುಟ್ಟರೆ, ಎಮ್ಮೆಗೆ ಸಿಡಿಲು ಬಡಿದರೆ, ಬಾವಿಯ ಮೋಟಾರು ಕಳುವಾದರೆ, ಸರಕಾರಿ ಮನುಷ್ಯ ಮೊದಲು ಹೋಗುವುದು ಆ ಜಾಗಕ್ಕಲ್ಲ, ಶಿವಶರಣಪ್ಪನವರ ಗೊಬ್ಬರದ ಅಂಗಡಿಗೆ. ನಡೆದದ್ದನ್ನು ಕಣ್ಣಾರೆ ಕಂಡೆನೆಂದು ಪಂಚನಾಮೆಯ ಕೆಳಗೆ ಸಹಿ ಹಾಕುವ ಪಂಚರು ಅವರು. ಮೂವತ್ತು ವರ್ಷಗಳಿಂದ ಅವರೇ. ಹೋಗಿ ನೋಡುವ ಕಷ್ಟವನ್ನು ಅವರು ಮೊದಲ ವರ್ಷವೇ ಬಿಟ್ಟರು. ಸತ್ತ ಎಮ್ಮೆ ಯಾರದೆಂದು ಕೇಳುವ ಗೋಜಿಗೂ ಹೋಗುವವರಲ್ಲ. ಸುಳ್ಳು ಹೇಳಲೂ ಒಂದಿಷ್ಟು ಶ್ರಮ ಬೇಕು. ಅವರು ಅದನ್ನೂ ಪಟ್ಟವರಲ್ಲ.

ಪಂಚನಾಮೆಗೆ ಲಂಚ ತಿಂದವರೂ ಅಲ್ಲ. ಜೀಪಿನಿಂದ ಇಳಿದವರು ನಾಲ್ಕು ಜನರೆದುರು, "ಶರಣಪ್ಪಾರ, ನಿಮ್ಮ ಹೊರತು ಕೆಲಸಾನ ಆಗೂದಿಲ್ಲ ನೋಡ್ರಿ" ಅಂದರೆ ಸಾಕು. ದೇವರು ಕೊಟ್ಟ ಎರಡು ಕಣ್ಣುಗಳನ್ನು ಇಷ್ಟು ಅಗ್ಗಕ್ಕೆ ಒತ್ತೆಯಿಟ್ಟವರು ಈ ಸೀಮೆಯಲ್ಲಿ ಮತ್ತೊಬ್ಬರಿಲ್ಲ.

ಅಂಥವರನ್ನು ಹುಡುಕಿಕೊಂಡು ಎರಡು ವರ್ಷದ ಹಿಂದೆ ಶಹರದಿಂದ ಈಶ್ವರ ಡಾಕ್ಟರು ಬಂದರು. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳ ಮೊಣಕಾಲು ನೋವಿಗೆ ಒಂದು ಹೊಸ ಗುಳಿಗೆ. ಅದು ಗುಣ ಕೊಡುತ್ತದೋ ಇಲ್ಲವೋ ಎಂದು ಸರಕಾರದ ಹಣದಲ್ಲಿ ಸಂಶೋಧನೆ. ಅದರ ಮೇಲೆ ಕಣ್ಣಿಡಲು ಒಂದು ನೈತಿಕ ಸಮಿತಿ ಇರಬೇಕು, ಸಮಿತಿಯಲ್ಲಿ ಜನಸಾಮಾನ್ಯರ ಕಡೆಯಿಂದ ಒಬ್ಬರು ಇರಲೇಬೇಕು, ಅವರಿಲ್ಲದೆ ಸಭೆ ನಡೆದರೆ ಅದು ಸಭೆಯೇ ಅಲ್ಲ ಎಂಬುದು ನಿಯಮ. ಡಾಕ್ಟರಿಗೆ ಜನಸಾಮಾನ್ಯರು ಬೇಕಿರಲಿಲ್ಲ, ಸಹಿ ಬೇಕಿತ್ತು. ಶಿವಶರಣಪ್ಪನವರು ಕೂತಲ್ಲೇ ಹತ್ತು ಖಾಲಿ ಹಾಳೆಗಳಿಗೆ ಸಹಿ ಹಾಕಿ ಕೊಟ್ಟರು. ಅಂಗಡಿಯ ಮೇಲಿನ ಖೋಲಿಯನ್ನು ಗುಳಿಗೆ ಇಡಲು ಬಾಡಿಗೆಗೂ ಕೊಟ್ಟರು. ಬಾಡಿಗೆ ಕೊಡುವವರ ಕೆಲಸವನ್ನೇ ತಾನು ಪರೀಕ್ಷಿಸುವುದು ಸರಿಯೇ ಎಂಬ ಪ್ರಶ್ನೆ ಅವರ ತಲೆಯೊಳಗೆ ಬರಲು ಬಾಗಿಲೇ ಇರಲಿಲ್ಲ.

ಗುಳಿಗೆ ತೆಗೆದುಕೊಂಡವರಲ್ಲಿ ಸಿದ್ದಲಿಂಗವ್ವ ಒಬ್ಬಳು. ಮೂರನೆಯ ತಿಂಗಳು ಅವಳ ಕಣ್ಣು ಹಳದಿಯಾಯಿತು. ವಿಜಯಪುರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದಳು. ಕಾಮಾಲೆ ಗುಳಿಗೆಯಿಂದ ಬಂತೆಂದು ಸಮಿತಿ ಬರೆದರೆ ಸಂಶೋಧನೆ ನಿಲ್ಲುತ್ತದೆ, ಅವಳ ಉಪಚಾರದ ಹೊಣೆ ಸಂಶೋಧನೆ ನಡೆಸುವವರದಾಗುತ್ತದೆ. ಅಲ್ಲವೆಂದು ಬರೆದರೆ ಅವಳ ಪಾಡು ಅವಳಿಗೆ, ಉಳಿದ ಹೆಂಗಸರು ಅದೇ ಗುಳಿಗೆ ನುಂಗುತ್ತಾರೆ. ಮನೆಮನೆಗೆ ಗುಳಿಗೆ ಕೊಟ್ಟು ಬರುವ ರೂಪಾಲಿ, ಇನ್ನೂ ಸರಿಯಾಗಿ ನಿಲ್ಲಲಾರದ ಅವಳನ್ನು ಕರೆದುಕೊಂಡು ಅಂಗಡಿಗೆ ಹೋದಳು.

"ಕಾಕಾ, ಮಂಗಳವಾರ ಸಭಾದಾಗ ನನ್ನ ವಿಷಯಾ ಬರ್ತದಂತ. ಗುಳಿಗಿ ನುಂಗಿದ ಮ್ಯಾಲೇ ಕಾಮಣಿ ಆಗೇತಿ ಅಂತ ಹೇಳ್ರಿ," ಅಂದಳು ಸಿದ್ದಲಿಂಗವ್ವ.

"ಹೇಳೂಣು ತಗೋ."

"ಖರೇನ ಹೋಗ್ತೀರೇನು ಕಾಕಾ?" ಎಂದಳು ರೂಪಾಲಿ. "ಆ ಗುಳಿಗಿ ಮಾಡೂ ಕಂಪನಿ ಡಾಕ್ಟರ ಹೆಂಡತಿ ಹೆಸರಲೇ ಅದ. ಈ ಮಾತು ಬಂದಾಗ ಅವರು ಎದ್ದು ಹೊರಗ ಹೋಗಬೇಕು. ನೀವೂ ನಿಮ್ಮ ಖೋಲಿ ಬಾಡಿಗಿ ವಿಷಯಾ ಮೊದಲ ಹೇಳಬೇಕು."

"ಏ ಹುಡುಗಿ, ನನಗ ಕಾಯದಾ ಕಲಸಾಕ ಬಂದಿ? ನೀ ಹುಟ್ಟೂಕಿಂತ ಮೊದಲ ನಾ ಪಂಚ ಆಗೀನಿ!"

"ಅದಕ್ಕ ಅಂಜಿಕಿ ಬರಾಕತ್ತದ ಕಾಕಾ," ಅಂದಳು ಸಿದ್ದಲಿಂಗವ್ವ.

ಮಂಗಳವಾರ ಶಿವಶರಣಪ್ಪನವರು ಅಂಗಡಿ ಬಿಟ್ಟು ಕದಲಲಿಲ್ಲ. ಅಂದೇ ಮಲ್ಲುವಿನ ಬಣವಿ ಸುಟ್ಟದ್ದಕ್ಕೆ ಪಂಚನಾಮೆಯಾಯಿತು. "ಬೆಳಿಗ್ಗೆ ಹನ್ನೊಂದಕ್ಕೆ ಸ್ಥಳದಲ್ಲಿ ಹಾಜರಿದ್ದು" ಎಂಬ ಸಾಲಿನ ಕೆಳಗೆ, ಗೊಬ್ಬರದ ಚೀಲದ ಮೇಲೆ ಕೂತೇ ಸಹಿ ಹಾಕಿದರು. ಹದಿನೈದು ದಿನಕ್ಕೆ ಸಮಿತಿಯ ಠರಾವಿನ ಪ್ರತಿ ಮೇಲಿನ ಖೋಲಿಗೆ ಬಂತು. ಅದೇ ಮಂಗಳವಾರ, ಅದೇ ಹನ್ನೊಂದಕ್ಕೆ, ಮೂರು ತಾಸಿನ ದಾರಿಯ ಶಹರದಲ್ಲಿ ಶಿವಶರಣಪ್ಪನವರು ಸಭೆಗೆ ಹಾಜರಿದ್ದರು. ಕಾಮಾಲೆಗೂ ಗುಳಿಗೆಗೂ ಸಂಬಂಧವಿಲ್ಲವೆಂದು ಒಪ್ಪಿದ್ದರು. ಕೆಳಗೆ ಆ ಖಾಲಿ ಹಾಳೆಯ ಸಹಿ.

ಕಾಗದಗಳನ್ನು ಜೋಡಿಸಿಡುವುದು ರೂಪಾಲಿಯ ಕೆಲಸ. ಮಲ್ಲುವಿನ ಹತ್ತಿರ ಪಂಚನಾಮೆಯ ಪ್ರತಿ ಇತ್ತು. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ, ಸಂಶೋಧನೆಗೆ ಹಣ ಕೊಟ್ಟ ಕಚೇರಿಗೆ ಕಳಿಸಿದಳು. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಕಳಿಸಿದಳು.

ಎರಡು ತಿಂಗಳಿಗೆ ಆ ಕಚೇರಿಯಿಂದ ಸುಮನ ಎಂಬ ಮಹಿಳಾ ಅಧಿಕಾರಿ ಬಂದರು. ಈ ಸಲ ಜೀಪಿನಿಂದ ಇಳಿದವರು "ನಿಮ್ಮ ಹೊರತು" ಅನ್ನಲಿಲ್ಲ. ಎರಡು ಕಾಗದಗಳನ್ನು ಮೇಜಿನ ಮೇಲಿಟ್ಟರು.

"ಆ ಮಂಗಳವಾರ ಹನ್ನೊಂದಕ್ಕ ಎಲ್ಲಿದ್ರಿ?"

ಶಿವಶರಣಪ್ಪನವರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ತಾವು ಸಹಿ ಹಾಕಿದ್ದನ್ನು ಅವರು ಓದಿದ್ದು ಬಹುಶಃ ಅಂದೇ ಮೊದಲು.

"ಎರಡೂ ಕಡೆ ಇದ್ದೆ ಅಂತ ಬರ್ಕೋರಿ ಬಾಯಾರ."

ನೆರೆದವರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಲ್ಲು ಬಾಯಿಬಿಟ್ಟ: "ನನ್ನ ಬಣವಿ ಹಂತೇಕ ಅಂತೂ ಬಂದಿಲ್ಲರಿ. ನನ್ನ ಪರಿಹಾರ ಹ್ವಾದರ ಹೋಗಲಿ."

"ಮತ್ತ ಸಭಾದಾಗ?" ಸುಮನ ಕೇಳಿದರು.

ಶಿವಶರಣಪ್ಪನವರು ಠರಾವಿನ ಪ್ರತಿಯನ್ನು ಮೇಜಿನಾಚೆ ಸರಿಸಿದರು.

"ಹಂಗಾರ ಎಲ್ಲಿದ್ರಿ?"

"ಇಲ್ಲೇ. ಅಂಗಡ್ಯಾಗ."

ಮೂವತ್ತು ವರ್ಷದಲ್ಲಿ ಅವರು ಕೊಟ್ಟ ಮೊದಲ ನಿಜವಾದ ಸಾಕ್ಷಿ ಅದು. ಅದನ್ನೂ ಹಿಂಡಿ ತೆಗೆಯಬೇಕಾಯಿತು. ಆ ಒಂದು ಮಾತಿಗೆ ಸಮಿತಿಯ ಠರಾವು ಬಿದ್ದಿತು, ಗುಳಿಗೆ ನಿಂತಿತು. ಹೆಂಡತಿಯ ಕಂಪನಿಯ ವಿಷಯ ಮುಚ್ಚಿಟ್ಟದ್ದಕ್ಕೆ ಡಾಕ್ಟರನ್ನು ಸಂಶೋಧನೆಯಿಂದ ತೆಗೆದರು. ಹೊಸ ಸಮಿತಿ ಸಿದ್ದಲಿಂಗವ್ವನನ್ನೇ ಕರೆಸಿ ಕೇಳಿತು. ಕಾಮಾಲೆಗೆ ಗುಳಿಗೆಯೇ ಕಾರಣವಿರಬೇಕೆಂದು ಬರೆಯಿತು.

ಶಿವಶರಣಪ್ಪನವರಿಗೆ ಇದರಲ್ಲಿ ಕಂಡ ಅನ್ಯಾಯ ಒಂದೇ. ಅಂಗಡಿಯ ಮುಂದೆ ಹಾಯ್ದು ಹೊರಟ ಸಿದ್ದಲಿಂಗವ್ವನನ್ನು ತಡೆದು, "ಆ ರೂಪಾಲಿ ನನ್ನ ಹೆಸರು ಕೆಡಿಸಿದ್ಲು ನೋಡವಾ," ಅಂದರು.

"ಸಿಕ್ಕ ಸಿಕ್ಕ ಕಾಗದಕ್ಕೆಲ್ಲಾ ಹೆಸರು ಹಂಚಿ ಕುಂತೀರಿ ಕಾಕಾ," ಅಂದಳು ಆಕೆ. "ಕೆಡಸಾಕ ನಿಮ್ಮ ಕಡೆ ಉಳದದ್ದರ ಏನಿತ್ತು?"

ಸಂಶೋಧನೆಯ ಖರ್ಚಿನಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವ ಗಾಡಿ ಬಂದಿತ್ತು, ಹತ್ತಿ ಕೂತಳು.