ಮಡಿ ಬಿಡಿಸುವ ನಂಬರು

ಅಡುಗೆ ಮಾಡುವವನಿಗೆ ಮೂಗು, ನಾಲಿಗೆ, ಕೈ ನೆಟ್ಟಗಿದ್ದರೆ ಸಾಕು, ಫೋನು ಯಾಕೆ ಎಂದು ನಾನು ಬಹಳ ಕಾಲ ವಾದಿಸಿದೆ. ಶಿರಸಿಯಲ್ಲಿ ನಮ್ಮ ಮನೆ ಯಾರನ್ನು ಕೇಳಿದರೂ ತೋರಿಸುತ್ತಿದ್ದರು. ಮದುವೆಯಿರಲಿ, ಉಪನಯನವಿರಲಿ, ಶ್ರಾದ್ಧವಿರಲಿ, ಮನೆಯವರು ಬಂದು ಜಗಲಿಯಲ್ಲಿ ಕೂತು, ನನ್ನ ಕೈಗೆ ಎಲೆ ಅಡಿಕೆ ಕೊಟ್ಟು, ಇಂಥ ದಿನ ಇಷ್ಟು ಜನ ಎಂದು ಹೇಳಿ ಹೋಗುತ್ತಿದ್ದರು. ಆ ಎಲೆ ಅಡಿಕೆ ಹಿಡಿದ ಮೇಲೆ ಜ್ವರ ಬಂದರೂ ನಾನು ತಪ್ಪಿಸಿದವನಲ್ಲ. ಬರಬರುತ್ತ ಜನರಿಗೆ ಬಂದು ಕೂರುವಷ್ಟು ಪುರಸೊತ್ತು ಇಲ್ಲವಾಯಿತು. "ಭಟ್ರೇ, ಒಂದು ನಂಬರ್ ಕೊಡಿ" ಎಂದು ರಸ್ತೆಯಲ್ಲೇ ಕೇಳುತ್ತಿದ್ದರು. ನಂಬರಿಲ್ಲ ಎಂದರೆ ನನ್ನನ್ನು ಈಗಷ್ಟೇ ಕಾಡಿನಿಂದ ಇಳಿದು ಬಂದವನಂತೆ ನೋಡುತ್ತಿದ್ದರು.

ಕೊನೆಗೆ ಫೋನು ತಂದುಕೊಟ್ಟವನು ನನ್ನ ಜೊತೆಗಾರ. ಕಾನಸೂರಿನ ಕಡೆಯವನು. ಮೀಸೆ ಚಿಗುರುವ ವಯಸ್ಸಿನಲ್ಲಿ ತರಕಾರಿ ಹೆಚ್ಚಲು ನನ್ನ ಹತ್ತಿರ ಬಂದವನು ಹೋಗಲೇ ಇಲ್ಲ. ಬೇಳೆ ಬೆಂದದ್ದನ್ನು ವಾಸನೆಯಲ್ಲೇ ತಿಳಿಯುವುದು, ಪಾಯಸಕ್ಕೆ ಬೆಲ್ಲ ಯಾವಾಗ ಬೀಳಬೇಕು, ಸಾರು ಯಾವ ಕುದಿಯಲ್ಲಿ ಇಳಿಯಬೇಕು, ಎಲ್ಲವನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದೆ. ಆದರೂ ನಮ್ಮಿಬ್ಬರಲ್ಲಿ ಕೆಲಸ ಹಂಚಿಹೋಗಿತ್ತು. ಒಲೆ ನನ್ನದು, ಪಂಕ್ತಿ ಅವನದು. ನಾನು ಮಡಿಯುಟ್ಟು ಒಳಗೆ, ಅವನು ಬಡಿಸುವವರನ್ನು ಕಟ್ಟಿಕೊಂಡು ಹೊರಗೆ. ಅವನು ನನ್ನನ್ನು ಅಣ್ಣ ಎನ್ನುತ್ತಿದ್ದ. ಮನೆಗೆ ಬಂದರೆ ನನ್ನ ಹೆಂಡತಿ ಚಹಾವನ್ನು ಅವನಿಗೇ ಮೊದಲು ಕೊಡುತ್ತಿದ್ದಳು.

ಫೋನು ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು. ಈಗಿನವರ ಹಾಗೆ ಬೆರಳಿನಿಂದ ಸವರುವ ಜಾತಿಯದಲ್ಲ, ಗುಂಡಿ ಒತ್ತುವಂಥದು. ಹಸಿರು ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಗಿಯಿತು, ಇಷ್ಟು ಕಲಿಯಲು ನನಗೆ ಒಂದು ವಾರ ಹಿಡಿಯಿತು. ಮೊದಮೊದಲು ಅದನ್ನು ತಲೆಕೆಳಗಾಗಿ ಹಿಡಿದು, ಆ ಕಡೆಯವರಿಗೆ ಕೇಳುತ್ತಿಲ್ಲ ಎಂದು ನಾನೇ ಗಂಟಲು ಹರಿದುಕೊಳ್ಳುತ್ತಿದ್ದೆ. "ಕಾನಸೂರಿಗೆ ಮಾತಾಡೂಲೆ ಫೋನ್ ಎಂತಕ್ಕೆ, ಹಾಂಗೇ ಕೇಳ್ತು" ಎಂದು ಹೆಂಡತಿ ಒಳಗಿನಿಂದ ಹೇಳುತ್ತಿದ್ದಳು. ಅಲಾರಾಂ ಹೊಡೆಯುವುದನ್ನು ನಿಲ್ಲಿಸಲು ತಿಳಿಯದೆ ಒಮ್ಮೆ ಅಕ್ಕಿ ಡಬ್ಬದೊಳಗೆ ಹುಗಿದಿಟ್ಟೆ. ಟಾರ್ಚು ಮಾತ್ರ ನನಗೆ ಬಹಳ ಹಿಡಿಸಿತು. ಸೌದೆ ಕೊಟ್ಟಿಗೆಗೆ ಹೋಗುವಾಗ ಬೇಕೋ ಬೇಡವೋ ಹೊತ್ತಿಸಿಕೊಂಡು ಹೋಗುತ್ತಿದ್ದೆ.

ಇದೆಲ್ಲ ಕಲಿಸಿದವನು ಅವನೇ. ಜಗಲಿಯಲ್ಲಿ ಪಕ್ಕಕ್ಕೆ ಕೂತು, ನನ್ನ ಹೆಬ್ಬೆರಳನ್ನು ತನ್ನ ಬೆರಳಿನಿಂದ ಹಿಡಿದು ಗುಂಡಿಯ ಮೇಲಿಟ್ಟು ಒತ್ತಿಸುತ್ತಿದ್ದ. ತಪ್ಪಿದರೆ ನಗುತ್ತಿರಲಿಲ್ಲ. ನಾನು ಅವನಿಗೆ ಹೋಳಿಗೆ ಲಟ್ಟಿಸಲು ಕಲಿಸುವಾಗ ಅಷ್ಟು ತಾಳ್ಮೆ ತೋರಿಸಿರಲಿಲ್ಲ.

ನಂಬರು ಊರಿಗೆಲ್ಲ ಹೋಯಿತು. ಮೊದಲು ಫೋನು ಮಾಡಿದವರಲ್ಲಿ ವಾನಳ್ಳಿಯ ಒಬ್ಬ ಮುದುಕಿಯೂ ಇದ್ದರು. ಅವರ ಮನೆಯ ಎಲ್ಲ ಕಾರ್ಯಕ್ಕೂ ಅಡುಗೆ ನನ್ನದೇ. ಉಪ್ಪು ಒಂದು ಕಾಳು ಹೆಚ್ಚಾದರೂ ಪಂಕ್ತಿಯಲ್ಲೇ ಹೇಳಿಬಿಡುವ ಹೆಂಗಸು, ಹಾಗಾಗಿ ಅವರು ಚೆನ್ನಾಗಿದೆ ಎಂದರೆ ನನಗೆ ಶಾಲು ಹೊದೆಸಿದಷ್ಟು ಸಂತೋಷವಾಗುತ್ತಿತ್ತು. "ತಮ್ಮಾ, ಎನ್ನ ವೈಕುಂಠದ ದಿನ ಒಲೆ ಮುಂದೆ ನೀನೇ ಇರಕ್ಕು. ಬೇರೆಯವರ ಕೈಯಡುಗೆ ಉಂಡು ಎನ್ನ ಕಳಿಸ್ಲಾಗ" ಎಂದರು. ತೀರಿಕೊಂಡವರ ಹೆಸರಿನಲ್ಲಿ ಸೂತಕ ಕಳೆದ ಮೇಲೆ ಹಾಕುವ ಊಟವದು. ಬದುಕಿದ್ದಾಗಲೇ ಅದನ್ನು ಫೋನಿನಲ್ಲಿ ಗೊತ್ತು ಮಾಡುವವರನ್ನು ನಾನು ನೋಡಿರಲಿಲ್ಲ. ನಗುತ್ತ, ಆದರೆ ಮನಸ್ಸಿನಿಂದಲೇ, "ಆತು ಅಮ್ಮಾ, ಆನೇ ಬತ್ತೆ" ಎಂದು ಮಾತು ಕೊಟ್ಟೆ. ಎಲೆ ಅಡಿಕೆ ಹಿಡಿದಷ್ಟೇ ಗಟ್ಟಿ ಮಾತು ಅದು.

ತೊಂದರೆ ಬಂದದ್ದು ಮಡಿಯಿಂದ. ಶ್ರಾದ್ಧದಡುಗೆಗೆ ಸ್ನಾನ ಮಾಡಿ ಮಡಿಪಂಚೆಯುಟ್ಟು ಒಲೆ ಮುಂದೆ ನಿಂತರೆ, ಎಲೆಗೆ ಬಡಿಸುವವರೆಗೆ ನಾನು ಏನನ್ನೂ ಮುಟ್ಟುವಂತಿಲ್ಲ. ಫೋನು ಮೊಳೆಗೆ ನೇತುಹಾಕಿದ ಅಂಗಿಯ ಜೇಬಿನಲ್ಲಿ ಹೊಡೆದುಕೊಳ್ಳುತ್ತಲೇ ಇರುತ್ತಿತ್ತು. ಸೌಟಿನ ಹಿಡಿಕೆಯಿಂದ ಹಸಿರು ಗುಂಡಿ ಒತ್ತಲು ಹೋಗಿ ಅಂಗಿಯನ್ನೇ ಹಿಟ್ಟಿನೊಳಗೆ ಕೆಡವಿದ್ದೂ ಆಯಿತು. ಯಾರಾದರೂ ಕಿವಿಯ ಹತ್ತಿರ ಹಿಡಿದರೆ ಮಡಿ ಹೋಗುತ್ತದೆಯೇ ಎಂದು ಪುರೋಹಿತರನ್ನು ಕೇಳಿದೆ. ಅವರು ಬಹಳ ಯೋಚಿಸಿ, "ಮಾತು ತಾಗಿದ್ರೆ ಅಡ್ಡಿಲ್ಲೆ, ಡಬ್ಬ ತಾಗಲಾಗ" ಎಂದರು. ಅದರಂತೆ ಜೊತೆಗಾರ ಒಂದು ಗೇಣು ದೂರದಲ್ಲಿ ಫೋನು ಹಿಡಿಯುವುದು, ನಾನು ಒಗ್ಗರಣೆಯ ಸದ್ದಿನ ಮೇಲೆ ಕೂಗುವುದು ಕೆಲವು ದಿನ ನಡೆಯಿತು.

ಆಮೇಲೆ ಅವನೇ ಉಪಾಯ ಹೇಳಿದ. ನಾನು ಮಡಿಯಲ್ಲಿರುವಷ್ಟು ಹೊತ್ತು ನನಗೆ ಬರುವ ಫೋನು ಅವನ ಫೋನಿಗೆ ಹೋಗುವಂತೆ ಮಾಡಬಹುದಂತೆ. ಬೆಳಿಗ್ಗೆ ಅದನ್ನು ಹಾಕಿಕೊಡುವುದು ಅವನ ಕೆಲಸ, ಊಟ ಮುಗಿದು ಅಂಗಿ ತೊಟ್ಟ ಮೇಲೆ ತೆಗೆಯುವುದು ನನ್ನದು. ತೆಗೆಯಲು ಎರಡು ಸಲ ಹ್ಯಾಶ್, ಆಮೇಲೆ ಎರಡು, ಒಂದು, ಮತ್ತೆ ಹ್ಯಾಶ್ ಒತ್ತಿ ಹಸಿರು ಗುಂಡಿ. ನಾನದಕ್ಕೆ ಮಡಿ ಬಿಡಿಸುವ ನಂಬರು ಎಂದು ಹೆಸರಿಟ್ಟೆ. ಸಂಧ್ಯಾವಂದನೆ ತಪ್ಪಿದರೂ ತಪ್ಪೀತು, ಆ ನಂಬರು ತಪ್ಪುತ್ತಿರಲಿಲ್ಲ. ಒತ್ತಿದ ಮೇಲೆ ಅವನೇ ಪಕ್ಕದಿಂದ ಒಂದು ರಿಂಗ್ ಕೊಟ್ಟು ಪರೀಕ್ಷೆ ಮಾಡುತ್ತಿದ್ದ. ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ಇಬ್ಬರೂ ನಗುತ್ತಿದ್ದೆವು.

ಒಂದು ದಿನ ಅವನು, "ಅಣ್ಣಾ, ಕಂಪನಿಯವು ನಂಬರ್ ಬದಲು ಮಾಡಿದ್ವಡ" ಎಂದ. ಇನ್ನು ಮೇಲೆ ಮೊದಲು ಸ್ಟಾರ್, ಆಮೇಲೆ ಹ್ಯಾಶ್, ಉಳಿದದ್ದು ಮೊದಲಿನ ಹಾಗೆಯೇ. ಒತ್ತಿದರೆ ಇಂಗ್ಲಿಷಿನಲ್ಲಿ ಏನೋ ಬರಹ ಬರುತ್ತದೆ, ಬರಹ ಬಂದರೆ ಬಿಟ್ಟಿತು ಎಂದೇ ಲೆಕ್ಕ. ಕಂಪನಿಯವರು ದಿನಕ್ಕೊಂದು ಬದಲು ಮಾಡುವುದು ಊರಿಗೇ ಗೊತ್ತಿದ್ದ ಸಂಗತಿ. ನಾನು ಕಲಿತುಕೊಂಡೆ. ಆಮೇಲೆ ಅವನು ಪರೀಕ್ಷೆಗೆ ರಿಂಗ್ ಕೊಡುವುದನ್ನು ಬಿಟ್ಟ. ಇನ್ನೇನು, ಗಟ್ಟಿಯಾಗಿ ಕಲಿತಾಯಿತಲ್ಲ ಎಂದುಕೊಂಡೆ.

ಆ ಬೇಸಿಗೆಯಲ್ಲಿ ಕೆಲಸ ಇಳಿಯುತ್ತ ಬಂತು. ಇಡೀ ಮದುವೆಯನ್ನೇ ಗುತ್ತಿಗೆ ಹಿಡಿಯುವವರು ಪೇಟೆಗೆ ಬಂದಿದ್ದಾರೆ, ಬಫೆ ಊಟ ಬಂದಿದೆ, ನಮ್ಮಂಥವರನ್ನು ಯಾರು ಕೇಳುತ್ತಾರೆ ಎಂದು ಜೊತೆಗಾರ ಹೇಳುತ್ತಿದ್ದ. ಫೋನು ಸತ್ತಿರಲಿಲ್ಲ. ಕಂಪನಿಯ ಮೆಸೇಜು ದಿನವೂ ಟಿಣ್ ಎಂದು ಬರುತ್ತಿತ್ತು. ಮದುವೆಯಾಗಿ ಹೋದ ಮಗಳು ಮಾತಾಡುವುದು, ಆಮೇಲೆ ತಾಯಿಗೆ ತಾನೇ ಕೊಡಿಸಿದ ಫೋನಿಗೆ. ನಾನು ಯಾರಿಗಾದರೂ ಮಾಡಿದರೆ ಹೋಗುತ್ತಿತ್ತು. ನನಗೆ ಮಾತ್ರ ಯಾರೂ ಮಾಡುತ್ತಿರಲಿಲ್ಲ. ಸಣ್ಣಪುಟ್ಟ ಕೆಲಸವನ್ನು ಅವನೇ ಎಲ್ಲಿಂದಲೋ ಹಿಡಿದು ತರುತ್ತಿದ್ದ. ಹೋದಲ್ಲೆಲ್ಲ, ಅಡುಗೆ ಮುಗಿದ ಮೇಲೆ ನಾನು ತಪ್ಪದೆ ಆ ಹೊಸ ನಂಬರು ಒತ್ತುತ್ತಿದ್ದೆ. ಪಾಪ, ನನ್ನನ್ನು ನಂಬಿ ಇವನೂ ಕೆಟ್ಟ ಎಂದು ನನಗೆ ಅವನ ಮೇಲೇ ಕನಿಕರ. "ಬೇಜಾರು ಮಾಡ್ಕಳಡ, ಕಾಲ ಹಾಂಗಿದ್ದು" ಎಂದು ನಾನೇ ಅವನಿಗೆ ಸಮಾಧಾನ ಹೇಳಿದ್ದೇನೆ. ಅವನು ತಲೆ ತಗ್ಗಿಸಿ ಹೂಂ ಎಂದಿದ್ದಾನೆ.

ಗೊತ್ತಾದದ್ದು ಶಿರಸಿ ಬಸ್‌ಸ್ಟ್ಯಾಂಡಿನ ಎದುರು. ಎಕ್ಕಂಬಿಯ ಒಬ್ಬನಿದ್ದಾನೆ, ಕಾರ್ಯದ ಮನೆಗಳಿಗೆ ಪೆಂಡಾಲು ಹಾಕಿ ಪಾತ್ರೆ ಬಾಡಿಗೆಗೆ ಕೊಡುವವನು. ನನ್ನನ್ನು ಕಂಡವನೇ ಬಂದು ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದ.

"ಕೈ ನಡುಗೂದು ಕಡಿಮಿ ಆತೇನ್ರಿ ಭಟ್ರ?"

"ಯಾರ ಕೈ?"

"ನಿಮ್ದರೀ. ಎರಡ್ ಮೂರ್ ಸಲ ಫೋನ್ ಹಚ್ಚಿದ್ನಿ. ನಿಮ್ಮ ಜೋಡಿ ಇರ್ತಾರಲ್ಲ, ಅವರ ಎತ್ತಿದ್ರು. ಅಣ್ಣಗ ಕೈ ನಡುಗ್ತಾವು, ಒಲಿ ಬಿಟ್ಟಾರ, ಈಗ ನಂದ ಅಡಗಿ ಅಂದ್ರು. ಹ್ವಾದ ವಾರ ವಾನಳ್ಳಿ ಅಮ್ಮಾರ ವೈಕುಂಠಕ್ಕೂ ಅವರ ಬಂದಿದ್ರಲ್ರಿ. ಪಾತ್ರಿ ನಾನ ಇಳಿಸಿದ್ದು."

ಆ ತಾಯಿ ಹೋದದ್ದೇ ನನಗೆ ಗೊತ್ತಿರಲಿಲ್ಲ. ಹೋದ ವಾರ ಜೊತೆಗಾರ ನನ್ನನ್ನು ಯಲ್ಲಾಪುರದ ಆಚೆ ಒಂದು ಸಣ್ಣ ಉಪನಯನಕ್ಕೆ ಒಬ್ಬನನ್ನೇ ಕಳಿಸಿದ್ದ. ತನಗೆ ಜ್ವರ ಎಂದಿದ್ದ. ಬರುವಾಗ ಅವನಿಗೆಂದು ನಾನು ಶುಂಠಿ ಕಷಾಯದ ಪುಡಿ ಕುಟ್ಟಿಸಿಕೊಂಡು ಬಂದಿದ್ದೆ.

ಎಕ್ಕಂಬಿಯವನ ಎದುರೇ ಅವನ ಫೋನಿನಿಂದ ನನಗೆ ಮಾಡಿಸಿದೆ. ನನ್ನ ಜೇಬು ಸುಮ್ಮನಿತ್ತು. ಅವನ ಫೋನಿನಲ್ಲಿ ಜೊತೆಗಾರನ ಧ್ವನಿ ಹಲೋ ಎಂದಿತು. ನಾನು ಕೆಂಪು ಗುಂಡಿ ಒತ್ತಿಸಿ, ಎದುರಿನ ಮೊಬೈಲ್ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗಿಯ ಮುಂದೆ ಮಡಿ ಬಿಡಿಸುವ ಹೊಸ ನಂಬರನ್ನು ಒತ್ತಿ ತೋರಿಸಿದೆ. ಬರಹ ಬಂತು.

"ಇದು ತೆಗೆಯೋದಲ್ಲ ಭಟ್ರೇ. ಕಾಲ್ ಎಲ್ಲಿಗೆ ಹೋಗ್ತಾ ಇದೆ ಅಂತ ಕೇಳೋದು" ಎಂದು ಅವಳು ಕೆಳಗಿನ ಗುಂಡಿ ಒತ್ತಿದಳು. ಬರಹದ ಅಡಿಯಲ್ಲಿ ಜೊತೆಗಾರನ ನಂಬರಿತ್ತು. ನಾನು ಹಳೆಯ ನಂಬರನ್ನೂ ಹೇಳಿದೆ. "ಮೊದ್ಲಿನ ನಂಬರೇ ಸರಿ ಇತ್ತಲ್ಲ. ಅದೇನೂ ಬದಲಾಗಿಲ್ಲ."

ಅಂದರೆ ಅಷ್ಟು ದಿನವೂ, ನಾನು ಒತ್ತಿದಾಗೆಲ್ಲ ಫೋನು ನನಗೆ ನಿಜವನ್ನೇ ಹೇಳಿತ್ತು. ನನಗೆ ಇಂಗ್ಲಿಷ್ ಬಾರದು ಎಂದು ಇಡೀ ಶಿರಸಿಯಲ್ಲಿ ಚೆನ್ನಾಗಿ ತಿಳಿದವನು ಅವನೊಬ್ಬನೇ. ಹುಡುಗಿ ಹಳೆಯ ನಂಬರು ಒತ್ತಿ ಬಿಡಿಸಿಕೊಟ್ಟಳು. ನಾನು ಚಿಲ್ಲರೆ ಎಣಿಸಿ ಕೊಟ್ಟೆ, ಕೈ ನಡುಗಲಿಲ್ಲ.

ಜೊತೆಗಾರ ಅವತ್ತು ಸಿದ್ದಾಪುರದ ಒಂದು ಕಲ್ಯಾಣಮಂಟಪದಲ್ಲಿದ್ದಾನೆ ಎಂದು ಎಕ್ಕಂಬಿಯವನೇ ಹೇಳಿದ. ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ, ಕುತ್ತಿಗೆಪಟ್ಟಿ ಹಿಡಿದು ಎಳೆದು ತರುತ್ತೇನೆ ಎಂದುಕೊಂಡೆ. ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋದರೆ ಅವನು ಬರಿ ಮೈಯಲ್ಲಿ, ಮಡಿಪಂಚೆಯುಟ್ಟು, ದೊಡ್ಡ ಕೊಪ್ಪರಿಗೆಯ ಮುಂದೆ ನಿಂತಿದ್ದ. ಹಿಡಿಯಲು ಕುತ್ತಿಗೆಪಟ್ಟಿಯೂ ಇರಲಿಲ್ಲ.

ನನ್ನನ್ನು ಕಂಡು ಅವನ ಸೌಟು ಒಂದು ಗಳಿಗೆ ನಿಂತಿತು. ನಾನು ಮುಂದೆ ಹೋದೆ. "ಅಣ್ಣಾ, ಮಡಿಲಿ ಇದ್ದೆ, ಮುಟ್ಟಡ" ಎಂದ.

ನಾನು ನಿಂತುಬಿಟ್ಟೆ. ನಲವತ್ತು ವರ್ಷದ ಅಭ್ಯಾಸ ಕಾಲನ್ನು ಹಿಡಿದು ನಿಲ್ಲಿಸಿತು. "ಯಂಗೆ ಎಂತಕ್ಕೆ ಹಿಂಗೆ ಮಾಡ್ದೆ?" ಎಂದಷ್ಟೇ ಕೇಳಿದೆ.

ಅವನು ಮುಖ ನೋಡದೆ, ಕೈ ಆಡಿಸುತ್ತಲೇ ಹೇಳಿದ. "ಎಲ್ಲ ಕಲಿಸ್ದೆ ಅಣ್ಣಾ, ಒಲೆ ಒಂದು ಕೊಟ್ಟಿದ್ದಿಲ್ಲೆ. ತಲೆ ಹಣ್ಣಾಗ್ತಾ ಬಂತು, ಇನ್ನೂ ಎಲೆ ಹಾಸ್ತಾ ಇರಕ್ಕಾ? ಕೇಳಿದ್ರೆ ನೀ ಬಿಟ್ಟುಕೊಡ್ತಿದ್ಯಾ?"

ಬಿಟ್ಟುಕೊಡುತ್ತಿರಲಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಆದರೆ ಕೇಳಬಹುದಿತ್ತು. ಜಗಳ ಮಾಡಬಹುದಿತ್ತು, ಬೇರೆ ಒಲೆ ಹೂಡಿ ನನಗೆ ಎದುರಾಗಿ ನಿಲ್ಲಬಹುದಿತ್ತು. ಹಾಗೆ ಮಾಡಿದ್ದರೆ ಬೈದು, ಆಮೇಲೆ ಒಂದು ದಿನ ಅವನ ಊಟಕ್ಕೆ ನಾನೇ ಹೋಗಿ ಕೂತಿರುತ್ತಿದ್ದೆ. ನನ್ನ ಕೈ ನಡುಗುತ್ತದೆ ಎಂದು ಊರಿಗೆಲ್ಲ ಯಾಕೆ ಹೇಳಬೇಕಿತ್ತು? ಅಡುಗೆಯವನಿಗೆ ಬದುಕಿದ್ದಾಗಲೇ ಎಳ್ಳುನೀರು ಬಿಡುವ ಮಾತು ಅದು. ಇದನ್ನೆಲ್ಲ ಹೇಳುವಷ್ಟರಲ್ಲಿ ಯಾರೋ ಬಂದು, ಪಂಕ್ತಿಗೆ ಹೊತ್ತಾಯಿತು, ಸ್ವಲ್ಪ ದಾರಿ ಬಿಡಿ ಎಂದರು. ನಾನು ದಾರಿ ಬಿಟ್ಟೆ.

ಮರುದಿನ ವಾನಳ್ಳಿಗೆ ಹೋದೆ. ಮಾತು ಕೊಟ್ಟು ತಪ್ಪಿದವನು ನಾನಲ್ಲ ಎಂದು ಆ ಮನೆಯಲ್ಲಿ ಹೇಳದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಮುದುಕಿಯ ಮಗ ಜಗಲಿಗೆ ಬಂದು ಕೂರಿಸಿದ. ನಾನು ಮೊದಲು ಎರಡೂ ಕೈ ಚಾಚಿ ತೋರಿಸಿದೆ. ಫೋನಿನ ಕಥೆಯನ್ನೆಲ್ಲ ಹೇಳಿದೆ. ಸ್ಟಾರ್, ಹ್ಯಾಶ್ ಎನ್ನುವಾಗಲೇ ಅವನ ಗಮನ ಬೇರೆ ಕಡೆ ಹೋದದ್ದು ಕಂಡಿತು.

"ಅಂತೂ ಕೈ ಆರಾಮಾತಲ, ಖುಷಿ ಆತು" ಎಂದ. ಕೈಗೆ ಏನೂ ಆಗಿರಲೇ ಇಲ್ಲ ಎಂದು ಮತ್ತೆ ಹೇಳಿದೆ. "ಇರ್ಲಿ ಬಿಡಿ, ವಯಸ್ಸಿಗೆ ಎಲ್ಲರಿಗೂ ಬಪ್ಪದೇಯ. ಅವತ್ತು ನಿಂಗ ಬಂದಿದ್ರಿಲ್ಲೆ ಹೇಳಿ ಯಂಗಂತೂ ಹೆದರಿಕೆ ಆಗಿತ್ತು. ಆದ್ರೆ ಊಟ ಎಂತಾ ಊಟ! ನಿಂಗಳೇ ಒಳಗೆ ನಿಂತು ಮಾಡಿದಾಂಗೆ ಇತ್ತು. ಆಯಿ ಕೂತು ಉಂಡಿದ್ರೂ ವ್ಯತ್ಯಾಸ ಗೊತ್ತಾಗ್ತಿತ್ತಿಲ್ಲೆ." ಒಳಗಿನಿಂದ ಅವನ ಹೆಂಡತಿಯೂ ಹೌದು ಹೌದು ಎಂದಳು. ವರ್ಷ ತುಂಬಿದಾಗಿನ ವರ್ಷಾಂತದ ಊಟಕ್ಕೂ ಜೊತೆಗಾರನಿಗೇ ಹೇಳಿಯಾಗಿದೆಯಂತೆ. ನಾನು ಊಟಕ್ಕೆ ಬರಲೇಬೇಕಂತೆ, ಮೊದಲ ಪಂಕ್ತಿಗೇ.

ಮಜ್ಜಿಗೆ ತಂದಿಟ್ಟರು. ಕುಡಿದೆ. ಬಸ್ಸಿನಲ್ಲಿ ಬರುವಾಗ ನಾನು ಬೇಡಿಕೊಂಡು ಬಂದದ್ದು ಒಂದೇ ಆಗಿತ್ತು. ಆ ತಾಯಿಯ ಊಟ ಕೆಟ್ಟಿರಲಿ, ಹೆಚ್ಚೇನೂ ಬೇಡ, ಸಾರಿಗೆ ಉಪ್ಪಾದರೂ ಹೆಚ್ಚಾಗಿರಲಿ.